ಬಾಣಂತಿಯ ಅರಿಷ್ಟವೂ ನಿಮ್ಮ ಊದುವ ಯಂತ್ರವೂ

ರಸ್ತೆಯಲ್ಲಿ ಬಾಯಿ ಊದಿಸುವವರ ಮೇಲಧಿಕಾರಿಗಳೇ,

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಪೆನ್ನು ಹಿಡಿಸಿದ್ದೀರಿ. ಈ ಕೈಗೆ ಅಭ್ಯಾಸ ಇರುವುದು ಕತ್ತಿ. ಕತ್ತಿ ಹಿಡಿದು ಬಂದರೆ ಒಳಗೆ ಹಾಕುತ್ತೀರಿ, ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಯಂತ್ರ ಸುಳ್ಳು ಹೇಳಿತು. ಅದನ್ನು ನಂಬಿದವರು ನನ್ನ ಸೊಸೆಯ ಎರಡು ಬೆರಳು ಮುರಿದರು.

ಸೊಸೆ ಸುಪ್ರಿತಾ ಶಾಲೆಯ ವ್ಯಾನ್ ಓಡಿಸುತ್ತಾಳೆ. ಹೆರಿಗೆಯಾಗಿ ಐದು ತಿಂಗಳು. ಅಂದು ಮಧ್ಯಾಹ್ನ ಮನೆಗೆ ಬಂದು ಮಗುವಿಗೆ ಹಾಲು ಕೊಟ್ಟು, ಉಂಡು, ನಾನೇ ಬಗ್ಗಿಸಿ ಕೊಟ್ಟ ದಶಮೂಲಾರಿಷ್ಟ ಕುಡಿದು ಮಕ್ಕಳನ್ನು ಕರೆತರಲು ಹೊರಟಳು. ನಮ್ಮ ಕಡೆ ಅರಿಷ್ಟ ಕುಡಿಯದ ಬಾಣಂತಿ ಯಾರು? ನಿಮ್ಮನ್ನು ಹೆತ್ತವರೂ ಕುಡಿದಿರಬೇಕು. ಅದು ಹುಳಿ ಬರಿಸಿ ಮಾಡುವ ಮದ್ದು, ಒಳಗೆ ಸ್ವಲ್ಪ ಮದ್ಯಸಾರ ತಾನಾಗಿ ಹುಟ್ಟುತ್ತದೆ, ಬಾಟಲಿಯ ಮೇಲೆಯೇ ಬರೆದಿದ್ದಾರೆ. ಮನೆಯ ತಿರುವಿನಲ್ಲೇ ನಿಮ್ಮವರು ನಿಂತಿದ್ದರು. ಬಾಯಿಯ ಘಾಟು ಆರುವ ಮೊದಲೇ ಊದಿಸಿದರು. ಯಂತ್ರ ಕಿರುಚಿತು.

"ಸರ್, ಅರಿಷ್ಟ ಕುಡಿದದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಊದ್ತೇನೆ."

"ಎಲ್ಲ ಕುಡುಕರೂ ಹೀಗೇ ಹೇಳುದು."

ಅಷ್ಟು ಸಾಕಾಯಿತು. ಅಂಗಡಿಯ ಜಗಲಿಯಲ್ಲಿದ್ದ ಗಂಡಸರು ಎದ್ದು ಬಂದರು. "ಮಕ್ಕಳನ್ನು ಕೊಲ್ಲುದಾ?" ಎಂದು ಕೂದಲು ಹಿಡಿದು ಎಳೆದರು, ಕೆನ್ನೆಗೆ ಬಿಗಿದರು, ವ್ಯಾನಿನ ಗಾಜು ಒಡೆದರು. ಬಾಗಿಲು ಹಿಡಿದ ಕೈಯ ಮೇಲೆಯೇ ಬಾಗಿಲು ಬಡಿದರು. ಅವರಲ್ಲಿ ಇಬ್ಬರ ಬಾಯಿ ನಾರುತ್ತಿತ್ತಂತೆ. ಅವರನ್ನೇಕೆ ಊದಿಸಲಿಲ್ಲ? ಅವರ ಕೈ ಗಟ್ಟಿ ಉಂಟು ಎಂದೋ?

ಬೆರಳಿಗೆ ಪಟ್ಟಿ ಕಟ್ಟಿದ ಡಾಕ್ಟರು ಆಗಲೇ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ರಕ್ತದಲ್ಲಿ ಮದ್ಯ ಇರಲಿಲ್ಲ. ಬಾಯಿ ಮುಕ್ಕಳಿಸುವ ಔಷಧಿಯಿಂದಲೂ ಕೆಲವು ಕೆಮ್ಮಿನ ಮದ್ದಿನಿಂದಲೂ ಹೀಗಾಗುತ್ತದೆ, ಕಾಲು ಗಂಟೆ ಕಾದರೆ ಹೋಗುತ್ತದೆ ಎಂದರು. ಹಾಗಾದರೆ ನಾಳೆ ಕೆಮ್ಮಿದವನ ಕಾಲು ಮುರಿಯುತ್ತೀರಾ?

ನಾನು ಬಾಟಲಿ ಹಿಡಿದುಕೊಂಡು ಠಾಣೆಗೆ ಹೋದೆ. ಅವರೆದುರೇ ಕುಡಿದು ಊದಿದೆ. ಯಂತ್ರ ಕಿರುಚಿತು.

"ಹಾಕಿ ನನ್ನನ್ನು ಒಳಗೆ!"

"ಎಂತ ಅಜ್ಜಿ, ಮಾರಾಯ್ರೆ! ಕೂತ್ಕೊಳ್ಳಿ" ಎಂದು ಪೇದೆ ನಕ್ಕ.

ಕುಳಿತೆ. ಕಾಲು ಗಂಟೆ ಕಳೆದ ಮೇಲೆ ಪುನಃ ಊದಿದೆ. ಸೊನ್ನೆ. ಪೇದೆಯ ನಗು ನಿಂತಿತು.

"ಈಗೆಂತ ಹೇಳ್ತೀಯಾ?"

"ನಿಮ್ಮ ಸೊಸೆಯದ್ದು ಬರೆದಾಗಿದೆ ಅಜ್ಜಿ. ಇನ್ನು ತಿದ್ದಲಿಕ್ಕೆ ಇಲ್ಲ."

ಮುರಿದ ಬೆರಳು ಕೂಡುತ್ತದಂತೆ, ನಿಮ್ಮ ಬರಹ ತಿದ್ದಲಾಗದಂತೆ! ಲೈಸೆನ್ಸ್ ನಿಮ್ಮಲ್ಲಿದೆ, ಶಾಲೆಯವರು ಬೇರೆ ಡ್ರೈವರನ್ನು ಇಟ್ಟುಕೊಂಡಿದ್ದಾರೆ. ಮಗು ಅತ್ತರೆ ಎತ್ತಿಕೊಳ್ಳಲು ಅವಳಿಗೆ ಆಗುವುದಿಲ್ಲ. ನಾನು ಎತ್ತಿ ಅವಳ ಎದೆಗೆ ಹಿಡಿಯಬೇಕು. ಪ್ರತಿ ಸಲವೂ ಆ ಗಂಡಸರ ಕೈಯನ್ನು ಅದೇ ಬಾಗಿಲಿಗೆ ಇಟ್ಟು ಬಡಿಯಬೇಕು ಅನಿಸುತ್ತದೆ. ಬಡಿದಿಲ್ಲ. ಅದನ್ನು ನನ್ನ ಸಭ್ಯತೆ ಎಂದು ತಿಳಿಯಬೇಡಿ.

ಲೈಸೆನ್ಸ್ ಹಿಂದಕ್ಕೆ ಬರಬೇಕು. ಹೊಡೆದವರ ಮೇಲೆ ಕೇಸು ಆಗಬೇಕು. ಕಾಲು ಗಂಟೆ ಕಾಯಿಸಿ ಎರಡನೇ ಸಲ ಊದಿಸದೆ ಯಾರನ್ನೂ ಕುಡುಕರೆಂದು ಬರೆಯಬಾರದು. ನವೆಂಬರ್ ಹತ್ತರೊಳಗೆ ಉತ್ತರ ಕೊಡಿ.

ಇಂತಿ,
ನಿಮ್ಮ ಯಂತ್ರದ ಲೆಕ್ಕದಲ್ಲಿ ಕಾಲು ಗಂಟೆಯ ಕುಡುಕಿ,
ಸುಪ್ರಿತಾಳ ಅತ್ತೆ ಅಪ್ಪಿ, ಪಂಜ