ಗಡುವು ಮುಗಿಯುವ ಮೊದಲು

ಚುಕ್ಕಿ,

ಚೆನ್ನಾಗಿದ್ದೀಯಾ ಎಂದು ಕೇಳಿ ಶುರುಮಾಡುವುದಿಲ್ಲ. ಕೇಳಿದರೆ ನೀನು ಹೂಂ ಅನ್ನುತ್ತೀಯ, ನಾನು ನಂಬುವುದಿಲ್ಲ. ಈ ಪತ್ರವನ್ನು ನಿನ್ನ ಮನೆಗೆ ಕಳಿಸದೆ ನೀನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ, ಅದೂ ಅಂಗಡಿಯಮ್ಮನ ಕೈಗೇ ಸೇರುವ ಹಾಗೆ ಕಳಿಸುತ್ತಿದ್ದೇನೆ. ಒಳಗೆ ಗಾಜು ಉಜ್ಜುವ ಕೋಣೆಯಲ್ಲಿ ಕೂತು ಓದು. ಓದಿದ ಮೇಲೆ ಹರಿದುಹಾಕು. ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ಒಯ್ಯಬೇಡ. ನಿನ್ನ ಬ್ಯಾಗನ್ನು ನೀನೊಬ್ಬಳೇ ತೆರೆಯುತ್ತೀಯ ಎಂಬ ನಂಬಿಕೆ ನನಗಿಲ್ಲ.

ಮೊನ್ನೆ ಅಂಗಡಿಯಮ್ಮನ ಫೋನಿನಿಂದ ಮಾಡಿ ಒಂದೇ ಪ್ರಶ್ನೆ ಕೇಳಿದೆಯಲ್ಲ. "ಅಮ್ಮ, ಅವತ್ತು ಅವರಿಗೆ ಪಿಸ್ತೂಲು ಯಾಕೆ ಕೊಡ್ಲಿಲ್ಲ? ನಿಜ ಹೇಳು." ನಾನು ಬಾಯಿ ತೆರೆಯುವಷ್ಟರಲ್ಲಿ "ಬಂದ್ರು" ಎಂದು ಇಟ್ಟುಬಿಟ್ಟೆ. ಗಂಡ ಬಂದನೆಂದು ಹೇಳುವ ಹೆಂಡತಿಯ ದನಿಯಾಗಿರಲಿಲ್ಲ ಅದು. ಮೇಷ್ಟ್ರು ಬಂದರೆಂದು ಹೇಳುವ ಮಗುವಿನ ದನಿ.

ನೀನು ಈವರೆಗೆ ಕೇಳಿರುವುದು ಅವನು ಹೇಳಿದ ಕಥೆಯನ್ನು ಮಾತ್ರ. ಅತ್ತೆಗೆ ವಯಸ್ಸಾಗಿದೆ, ಕಂಡವರ ಮೇಲೆಲ್ಲ ಅನುಮಾನ, ಅಳಿಯನ ಮಾನ ತೆಗೆದರು ಎಂದಿರುತ್ತಾನೆ. ಅಳಿಯನನ್ನು ಇಷ್ಟು ದಿನ ಬಹುವಚನದಲ್ಲೇ ಕರೆದವಳು ನಾನು. ಇಲ್ಲಿ ಏಕವಚನ ಬಂದದ್ದು ಕೈತಪ್ಪಿ ಅಲ್ಲ.

ನಮ್ಮ ಬಂದೂಕಿನ ಅಂಗಡಿಗೆ ಅವನು ಬಂದಾಗ ನಾನು ಕೌಂಟರಿನ ಗಾಜು ಒರೆಸುತ್ತಿದ್ದೆ. "ನಮ್ಮತ್ತೆ ಇರೋ ಅಂಗಡಿ ಬಿಟ್ಟು ಬೇರೆ ಕಡೆ ಹೋದ್ರೆ ಚೆನ್ನಾಗಿರುತ್ತಾ?" ಎಂದು ನಕ್ಕ. ಅವನ ನಗು ನಿನಗೆ ಗೊತ್ತಲ್ಲ, ಎದುರಿನವರೂ ನಗಲೇಬೇಕು. ತಾನು ಲಿಫ್ಟ್ ರಿಪೇರಿ ಕೆಲಸಕ್ಕೆಂದು ಹೊರಗೆ ಹೋದಾಗ ನೀನು ಒಬ್ಬಳೇ ಇರುತ್ತೀಯ, ಅದಕ್ಕೆ ಒಂದು ಪಿಸ್ತೂಲು ಬೇಕು ಎಂದ. ಹೆಂಡತಿಯ ರಕ್ಷಣೆಗೆ ಎಂದು ಕೊಳ್ಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ಹೆಂಡತಿಯನ್ನು ಕರೆದುಕೊಂಡು ಬರುತ್ತಾರೆ. ಹಿಡಿಕೆ ಅವಳ ಮುಷ್ಟಿಗೆ ಹೊಂದುತ್ತದೋ ಇಲ್ಲವೋ ನೋಡುತ್ತಾರೆ. ಇವನು ತನ್ನ ಕೈಗೆ ಸರಿಹೋಗುವುದನ್ನು ಆರಿಸಿಕೊಂಡು, "ಯಾವಾಗ ಸಿಗುತ್ತೆ?" ಎಂದು ಮಾತ್ರ ಕೇಳಿದ.

ಕೊಳ್ಳುವವರ ಪೂರ್ವಾಪರ ವಿಚಾರಿಸುವ ಸರ್ಕಾರಿ ಆಫೀಸಿಗೆ ಹೆಸರು ಕಳಿಸಿದೆ. ಸಾಮಾನ್ಯವಾಗಿ ಗಿರಾಕಿ ಚಹಾ ಕುಡಿದು ಮುಗಿಸುವುದರೊಳಗೆ ಕೊಡಬಹುದು ಅಥವಾ ಕೂಡದು ಎಂದು ಉತ್ತರ ಬಂದುಬಿಡುತ್ತದೆ. ಇವನ ವಿಷಯದಲ್ಲಿ ಎರಡೂ ಬರಲಿಲ್ಲ. "ತಡವಾಗುತ್ತದೆ" ಎಂದು ಬಂತು. ನಮ್ಮ ಅಂಗಡಿಯ ಯಜಮಾನರು ತಲೆಕೆಡಿಸಿಕೊಳ್ಳಲಿಲ್ಲ. "ಅದೇ ಹೆಸರಿನ ಕಳ್ಳ ಇನ್ನೊಬ್ಬ ಇರ್ತಾನಮ್ಮ, ಬಿಡಿ. ಕಾಯಬೇಕಾದ ಗಡುವು ಮುಗಿದ್ರೆ ಉತ್ತರ ಬರದಿದ್ರೂ ಕೊಡಬಹುದು" ಎಂದರು. ನಿಜ, ಕಾನೂನು ಹಾಗೇ ಇದೆ. ಕೊಡುವುದೂ ಬಿಡುವುದೂ ಆಗ ಅಂಗಡಿಯವರ ಇಷ್ಟ.

ತಡ ಎಂದಾಗ ಅವನ ಮುಖ ನೋಡಿದೆ. ನಗು ಅಲ್ಲೇ ಇತ್ತು, ಕಣ್ಣು ಮಾತ್ರ ಬಾಗಿಲ ಕಡೆ ಹೋಗಿ ಬಂತು.

ಯಜಮಾನರು ಊಟಕ್ಕೆ ಹೋದಾಗ ಆ ಆಫೀಸಿಗೆ ಫೋನ್ ಮಾಡಿದೆ. ಎತ್ತಿದವಳಿಗೆ ಕೆಲಸ ಮಾಡಿ ಮಾಡಿ ಸಾಕಾಗಿತ್ತೆಂದು ಕಾಣುತ್ತದೆ. "ನಾವೇನ್ ಮಾಡೋಣಮ್ಮ, ಅವರು ಮೊದ್ಲಿದ್ದ ಊರಿನ ಕೋರ್ಟಿಂದ ಉತ್ತರಾನೇ ಇಲ್ಲ" ಎಂದು ರೈಲ್ವೆ ಕಾರ್ಖಾನೆ ಇರುವ ಒಂದು ಊರಿನ ಹೆಸರು ಹೇಳಿ ನಾಲಿಗೆ ಕಚ್ಚಿಕೊಂಡಳು. ಮದುವೆಗೆ ಮೊದಲು ಅವನು ಏನು ಹೇಳಿದ್ದ, ನೆನಪಿದೆಯಾ? ಹುಟ್ಟಿದ್ದು, ಬೆಳೆದದ್ದು, ದುಡಿದದ್ದು ಎಲ್ಲ ಈ ಊರಲ್ಲೇ ಅಂತ. ಆ ಭಾನುವಾರ ನೀವಿಬ್ಬರೂ ಮನೆಗೆ ಬಂದಾಗ ಪಾತ್ರೆ ಜೋಡಿಸುತ್ತಾ ನಾನು ಆ ಊರಿನ ಹೆಸರು ಎತ್ತಿದೆ. "ಹಾಗೊಂದು ಊರಿದ್ಯಾ ಅತ್ತೆ?" ಎಂದ. ನೀನು ನಕ್ಕೆ. ನನಗೆ ನಗು ಬರಲಿಲ್ಲ.

ಅವತ್ತು ಇನ್ನೊಂದನ್ನೂ ಗಮನಿಸಿದೆ. ನಿನ್ನ ಫೋನು ಅವನ ಅಂಗಿಯ ಜೇಬಿನಲ್ಲಿತ್ತು. ನನ್ನ ಜೊತೆ ಮಾತಾಡುವಾಗ ನೀನು ಯಾವಾಗಲೂ ಸ್ಪೀಕರ್ ಹಾಕುತ್ತೀಯಲ್ಲ, ಕೈಯಲ್ಲಿ ಕೆಲಸ ಇರುತ್ತದೆ ಅದಕ್ಕೆ ಎಂದುಕೊಂಡಿದ್ದೆ.

ಯಾರಿಗೂ ಹೇಳದೆ ಬಸ್ಸು ಹತ್ತಿ ಆ ಊರಿಗೆ ಹೋದೆ. ಲಿಫ್ಟಿನವನನ್ನು ಹುಡುಕುವುದಕ್ಕೆ ಲಿಫ್ಟಿದ್ದಲ್ಲಿಗೇ ಹೋಗಬೇಕು ಎಂದುಕೊಂಡು ಅಲ್ಲಿನ ದೊಡ್ಡ ಬಟ್ಟೆ ಅಂಗಡಿಗೆ ಹೊಕ್ಕೆ. ಲಿಫ್ಟಿನಲ್ಲಿ ಸ್ಟೂಲು ಹಾಕಿ ಕೂತಿದ್ದ ಮುದುಕನಿಗೆ ನಿಮ್ಮ ಮದುವೆಯ ಫೋಟೋ ತೋರಿಸಿದೆ. "ಈ ನಗುಮುಖದವನಾ? ಇವನ ಹೆಂಡ್ತಿ ಟೈಲರಮ್ಮ ಇಲ್ಲೇ ಹಿಂದಿನ ಬೀದೀಲಿ ಇದಾಳೆ" ಎಂದ. ಪಕ್ಕದಲ್ಲಿ ಹೂವಿನಂತೆ ನೀನು ನಿಂತಿರುವ ಫೋಟೋ ಅದು. ಅದನ್ನು ನೋಡಿಯೂ ಅವನು ಹಾಗೆಂದ, ಚುಕ್ಕಿ.

ಟೈಲರಮ್ಮ ಅವನ ಹೆಸರು ಕೇಳಿದ್ದೇ ಎದ್ದು ಅಂಗಡಿಯ ಬಾಗಿಲಿಗೆ ಚಿಲಕ ಹಾಕಿದಳು. ಆಮೇಲೆ ಕೂತು ನೀರು ಕುಡಿದಳು. "ಅವನು ಹೊಡೀತಿರ್ಲಿಲ್ಲಮ್ಮ. ಹೊಡೆದಿದ್ರೆ ಬೇಗ ಬಿಟ್ಟು ಬರ್ತಿದ್ದೆ. ಎಲ್ಲಿಗೆ ಹೋಗಿದ್ದೆ, ಯಾರ ಹತ್ರ ಮಾತಾಡ್ದೆ, ಯಾಕೆ ನಕ್ಕೆ... ಒಂದೊಂದಕ್ಕೂ ಲೆಕ್ಕ ಕೊಡ್ಬೇಕಿತ್ತು. ಕೊನೆಗೊಂದು ದಿನ ಪಿಸ್ತೂಲು ತಂದು ಊಟದ ಮೇಜಿನ ಮೇಲಿಟ್ಟ. ಏನೂ ಅನ್ಲಿಲ್ಲ. ಪಕ್ಕದಲ್ಲೇ ಇಟ್ಕೊಂಡು ಊಟ ಮಾಡ್ದ ಅಷ್ಟೆ. ದಿನಾ ಹಾಗೇ."

ಅವಳು ಕೋರ್ಟಿಗೆ ಹೋದಳು. ಅವನು ಅವಳ ಹತ್ತಿರ ಸುಳಿಯಕೂಡದು, ಆಯುಧ ಇಟ್ಟುಕೊಳ್ಳಕೂಡದು ಎಂದು ಆಜ್ಞೆಯೂ ಆಯಿತು. ಆಮೇಲೆ ಕೋರ್ಟು ಹೊಸ ಕಟ್ಟಡಕ್ಕೆ ಹೋಯಿತು. ಹಳೆಯ ಫೈಲುಗಳು ಗೋಣಿಚೀಲಗಳಲ್ಲಿ ತುಂಬಿ ಮೆಟ್ಟಿಲ ಕೆಳಗೆ ಬಿದ್ದಿವೆಯಂತೆ. ನಮಗೆ ಬಂದ "ತಡ" ಅಲ್ಲಿ ಕೊಳೆಯುತ್ತಿದೆ.

ಗಡುವು ಮುಗಿದ ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುವ ಮೊದಲೇ ಅವನು ಬಂದು ನಿಂತಿದ್ದ. ಯಜಮಾನರು ಪಿಸ್ತೂಲಿನ ಪೆಟ್ಟಿಗೆ ತೆಗೆದಿಟ್ಟರು. ನಾನು ಅದರ ಮೇಲೆ ಕೈಯಿಟ್ಟು, "ಇವರಿಗೆ ಕೊಡಬೇಡಿ. ಇವರಿಗೆ ಇನ್ನೊಬ್ಬ ಹೆಂಡತಿ ಇದ್ದಳು, ಕೋರ್ಟಿನ ಆಜ್ಞೆ ಇದೆ" ಎಂದೆ. ಯಜಮಾನರು ಗಲಿಬಿಲಿಯಾಗಿ ಅವನ ಮುಖ ನೋಡಿದರು. ಅವನು ಸಿಟ್ಟಾಗಲಿಲ್ಲ. ಪಾಪ ಎಂಬಂತೆ ನನ್ನನ್ನು ನೋಡಿ, "ಅಷ್ಟು ದೂರ ಬಸ್ಸಲ್ಲಿ ಹೋದ್ರೆ ಸೊಂಟ ನೋಯಲ್ವಾ ಅತ್ತೆ? ಕಿಟಕಿ ಪಕ್ಕ ಸೀಟು ಸಿಕ್ಕಿದ್ದೇ ಪುಣ್ಯ" ಎಂದ.

ನಾನು ಹೋದದ್ದನ್ನು ಯಾರಿಗೂ ಹೇಳಿರಲಿಲ್ಲ. ಕಿಟಕಿ ಪಕ್ಕ ಕೂತದ್ದನ್ನಂತೂ ನಾನೇ ಮರೆತಿದ್ದೆ.

ನಾನು ಬಸ್ಸಿನ ವಿಷಯ ಎತ್ತಿಲ್ಲವೆಂದು ಯಜಮಾನರಿಗೂ ಹೊಳೆಯಿತು. ಪೆಟ್ಟಿಗೆಯನ್ನು ಒಳಗಿಟ್ಟು ಬೀಗ ಹಾಕಿದರು. "ನಮ್ಮಲ್ಲಿ ಆಗಲ್ಲ, ನೀವು ಹೊರಡಿ" ಎಂದರು. ಇದೇ ನೀನು ಕೇಳಿದ ನಿಜ.

ಈಗ ಮುಖ್ಯ ವಿಷಯ. ನಿಮ್ಮ ಮನೆಯ ಕಡೆಗಿರುವ ಬಂದೂಕಿನ ಅಂಗಡಿಯ ಗುಮಾಸ್ತ ನನಗೆ ಪರಿಚಯ. ನಿನ್ನೆ ಫೋನ್ ಮಾಡಿದ್ದ. "ಅಕ್ಕ, ನಿಮ್ಮಳಿಯ ನಮ್ಮಲ್ಲಿ ಕೇಳಿದಾರೆ. ಇಲ್ಲೂ ತಡ ಅಂತಾನೇ ಬಂದಿದೆ. ಆದ್ರೆ ನಮ್ಮ ಯಜಮಾನ ಯಾರ ಮಾತೂ ಕೇಳೋನಲ್ಲ, ಸೋಮವಾರ ಗಡುವು ಮುಗಿದ್ರೆ ಕೊಟ್ಟೇ ಕಳಿಸ್ತಾನೆ" ಎಂದ. ಟೈಲರಮ್ಮ ಈ ವಾರವೆಲ್ಲ ಹೊಲಿಗೆ ಬಿಟ್ಟು ಕೋರ್ಟಿನಲ್ಲೇ ಕೂತಿದ್ದಾಳೆ, ಗೋಣಿಚೀಲ ಬಿಚ್ಚಿಸುತ್ತಿದ್ದಾಳೆ. ಫೈಲು ಸಿಗಬಹುದು, ಸಿಗದೆಯೂ ಇರಬಹುದು. ಆ ನಂಬಿಕೆಯ ಮೇಲೆ ನಿನ್ನನ್ನು ಅಲ್ಲಿ ಬಿಡಲಾರೆ.

ಶನಿವಾರ ಮಧ್ಯಾಹ್ನ ಅಂಗಡಿಯಮ್ಮ ನಿನ್ನನ್ನು ಹಿತ್ತಲ ಬಾಗಿಲಿಗೆ ಕರೆಯುತ್ತಾಳೆ. ಅಲ್ಲಿ ನಮ್ಮ ಅಂಗಡಿ ಯಜಮಾನರ ಕಾರಿನಲ್ಲಿ ನಾನು ಕಾಯುತ್ತಿರುತ್ತೇನೆ. ಬಟ್ಟೆಬರೆ ಏನೂ ತರಬೇಡ, ಬೆಳಿಗ್ಗೆ ಹೊರಡುವಾಗ ಎಂದಿನ ಹಾಗೇ ಹೊರಡು. ಫೋನನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಬಾ. ನಾವು ಹೋಗುವುದು ನನ್ನ ಮನೆಗಲ್ಲ. ಎಲ್ಲಿಗೆಂದು ಇಲ್ಲಿ ಬರೆಯುವುದೂ ಇಲ್ಲ.

ಇದನ್ನೆಲ್ಲ ಓದಿ ನಿನಗೆ ನನ್ನ ಮೇಲೇ ಅನುಮಾನ ಬರಬಹುದು. ಬರಲಿ. ಕಾರಿನ ಹಿಂದಿನ ಸೀಟಿನಲ್ಲಿ ಟೈಲರಮ್ಮ ಇರುತ್ತಾಳೆ. ಅವನಿರುವ ಊರಿಗೆ ಕಾಲಿಡಲು ಅವಳಿಗೆ ಜೀವಭಯ, ಆದರೂ ತಾನೇ ಬರುತ್ತೇನೆ ಎಂದಳು. "ನನ್ನ ಮಾತು ಅವಳು ನಂಬ್ತಾಳೆ. ಅವಳು ಹೇಳದೇ ಇರೋದೂ ನನಗೆ ಗೊತ್ತು" ಎಂದಳು. ಅವಳ ಪಕ್ಕ ಕೂತು ಕೇಳು. ಕೇಳಿದ ಮೇಲೂ ವಾಪಸ್ಸು ಹೋಗಬೇಕು ಅನ್ನಿಸಿದರೆ ಕಾರು ನಿಲ್ಲಿಸುತ್ತೇನೆ. ಅಷ್ಟು ಮಾತ್ರ ಕೇಳು ಮಗಳೇ.

ಎಲ್ಲಿಗೆ ಹೋಗಿದ್ದೆ, ಯಾಕೆ ನಕ್ಕೆ ಎಂದು ಯಾರೂ ಕೇಳದ ಹಾಗೆ ನೂರು ಕಾಲ ಬಾಳು.

ನಿನ್ನ ದಾರಿ ಕಾಯುತ್ತಿರುವ,
ಅಮ್ಮ