ಎಮ್ಮೆ ಮೂಸಿ ಬಿಟ್ಟ ಹೂಗಿಡ

ಯಲ್ಲದಕೆರೆ
8 ಮಾರ್ಚ್ 2026

ಪ್ರೀತಿಯ ಲತಕ್ಕಾ,

ಮೊದಲು ಕುಳಿತುಕೋ, ಆಮೇಲೆ ಓದು. ನಿನ್ನ ಐರಿಸ್ ಗಿಡ ಹೂ ಬಿಟ್ಟಿದೆ. ನಮ್ಮ ಹಿತ್ತಲಲ್ಲಿ, ಈ ಬಿಸಿಲಲ್ಲಿ, ಆ ಚಳಿಯ ಕೂನೂರಿನ ನಿನ್ನ ಕ್ವಾರ್ಟರ್ಸ್ ಮುಂದೆ ಇದ್ದ ಅದೇ ನೀಲಿ.

ಫೋನಿನಲ್ಲೇ ಹೇಳಬಹುದಿತ್ತು. ಹೇಳಲು ಹೊರಟರೆ ನಮ್ಮತ್ತೆ ನಡುವೆ ಬಾಯಿ ಹಾಕುತ್ತಾರೆ. ಅದಕ್ಕೇ ಈ ಕಾಗದ.

ನಿನ್ನ ಆಸ್ಪತ್ರೆಯವರು ಆ ಕ್ವಾರ್ಟರ್ಸ್ ಕೆಡವಿದಾಗ ನಿನ್ನ ಗಿಡಗಳೆಲ್ಲ ಮಣ್ಣುಪಾಲಾದವು. ಚಿತ್ರದುರ್ಗದ ಮಹಡಿ ಮನೆಯಲ್ಲಿ ನಿನಗೆ ಹಿಡಿ ಮಣ್ಣೂ ಇಲ್ಲ. ಉಳಿದ ಐರಿಸ್ ಬೀಜವನ್ನೆಲ್ಲ ನನ್ನ ಕೈಗಿಟ್ಟು, "ಇದೂ ಹೋದ್ರೆ ಇಲ್ಲಿಗೆ ಮುಗೀತು ಕಣೆ" ಅಂದಿದ್ದೆ. ಆ ಮಾತು ನನ್ನ ನಿದ್ದೆ ಕೆಡಿಸಿತ್ತು.

ಅದು ಸದಾ ಒದ್ದೆ ಬೇಡುವ ಗಿಡ. ನಮ್ಮದೋ ಬಿಂದಿಗೆ ಸುರಿದರೂ ಮರುಗಳಿಗೆಗೆ ಒಣಗುವ ನೆಲ. ಹಳೇ ಪ್ಲಾಸ್ಟಿಕ್ ಟಬ್ಬೊಂದನ್ನು ಹೂತು, ಕೆರೆಯ ಗೋಡುಮಣ್ಣು, ಸಗಣಿ ಗೊಬ್ಬರ ತುಂಬಿ, ಬೀಜ ನೆನೆಸಿ ಊರಿದೆ. ತಿಂಗಳುಗಟ್ಟಲೆ ಏನೂ ಇಲ್ಲ. ಕೊನೆಗೆ ಹುಲ್ಲಿನೆಳೆಯಂಥ ಮೊಳಕೆಗಳು ಎದ್ದವು, ಗೇಣುದ್ದ ಬೆಳೆದವು.

ಎಡವಟ್ಟಾಗಿದ್ದು ಅಲ್ಲೇ. ಕಳೆ ಕೀಳುವುದರಲ್ಲಿ ನಮ್ಮತ್ತೆ ತಿಪ್ಪಕ್ಕನಿಗೆ ಊರಲ್ಲೇ ಸಾಟಿಯಿಲ್ಲ. ನಾನು ಹಿರಿಯೂರು ಸಂತೆಗೆ ಹೋಗಿ ಬರುವಷ್ಟರಲ್ಲಿ ಟಬ್ಬು ಬೋಳು.

"ಜೊಂಡು ಎದ್ದಿತ್ತು ಕಣೆ, ಕಿತ್ತು ಎಮ್ಮೆಗೆ ಹಾಕ್ದೆ."

"ಅತ್ತೇ, ಅದು ಲತಕ್ಕನ ಹೂವಿನ ಗಿಡ!" ಎಂದೆ. ಅತ್ತೆ ನನ್ನ ಮುಖ ನೋಡಿದವರೇ ಕೊಟ್ಟಿಗೆಗೆ ನಡೆದರು. ಎಮ್ಮೆ ಮೂಸಿ ಮುಖ ತಿರುಗಿಸಿತ್ತು, ಒಂದೆಳೆಯನ್ನೂ ಮುಟ್ಟಿರಲಿಲ್ಲ.

"ಲೇ ಮಂಗಳಾ, ಬಾ ಇಲ್ಲಿ. ಈ ಹೊಟ್ಟೆಬಾಕಿನೇ ಬಿಟ್ಟೈತೆ ಅಂದ್ಮೇಲೆ ಇದು ಜೊಂಡಲ್ಲ."

ಬಿದ್ದಿದ್ದ ಸಸಿಗಳನ್ನು ಒಂದೊಂದೇ ಆರಿಸಿದರು. ಮತ್ತೆ ಟಬ್ಬಿಗೇ ನೆಡೋಣವೆಂದು ನಾನೆಂದರೆ, "ನಿನ್ನ ಟಬ್ಬಿಗೆ ನಿಂಗೆ ನೆನಪಾದಾಗ ನೀರು. ಅಲ್ಲಿ ನೋಡು, ಯಾವಾಗ್ಲೂ ಐತೆ" ಎಂದು, ಎಮ್ಮೆಗೆ ನೀರಿಡುವ ಕಲ್ಲುತೊಟ್ಟಿ ಸೋರುವ ಕಡೆ ತಾವೇ ನೆಟ್ಟರು. ಆ ತೊಟ್ಟಿಯ ಬಿರುಕು ಮುಚ್ಚಿಸಿ ಎಂದು ನಾನು ಮದುವೆಯಾಗಿ ಬಂದಾಗಿನಿಂದ ಗೋಗರೆಯುತ್ತಿದ್ದೆ, ಅಕ್ಕಾ. ಯಾರೂ ಮಾಡಿಸದೆ ಇದ್ದದ್ದೇ ಒಳ್ಳೆಯದಾಯಿತು.

ಎರಡು ಮಳೆಗಾಲ ಕಳೆದವು. ಕೆಲವು ಸತ್ತವು, ಉಳಿದವು ಕತ್ತಿಯಂಥ ಎಲೆ ಬಿಟ್ಟು ಸೊಂಟದೆತ್ತರ ನಿಂತವು. ಮೊನ್ನೆ ಬೆಳಿಗ್ಗೆ ಅತ್ತೆ ಹಾಲು ಕರೆಯುವುದನ್ನು ಅರ್ಧಕ್ಕೇ ಬಿಟ್ಟು ನನ್ನನ್ನು ಕೂಗಿದರು. ದಳಗಳು ಕೆಳಗೆ ಬಾಗಿ, ಒಂದೊಂದರ ನಡುವೆಯೂ ಅರಿಶಿನ ಎಳೆದಂತೆ ಗೆರೆ.

ಪಕ್ಕದ ಮನೆ ಚಂದ್ರಕ್ಕ ಬಂದು, "ಇದ್ಯಾವ ಹೂವು ತಿಪ್ಪಕ್ಕಾ?" ಎಂದರು.

"ನಮ್ಮ ಲತಾಂದು. ಬದುಕಿಸ್ದೋಳು ನಾನು."

ಕಿತ್ತವರು ಯಾರೆಂದು ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವರ ಪಕ್ಕದಲ್ಲಿ ಅವರಷ್ಟೇ ಎದೆಯುಬ್ಬಿಸಿ ನಿಂತಿದ್ದೆ.

ಇನ್ನೂ ಎರಡು ಮೊಗ್ಗಿವೆ. ಬೇಗ ಬಾ.

ನಿನ್ನ ಗಿಡ ಕಾಯುತ್ತಿರುವ ತಂಗಿ,
ಮಂಗಳಾ

ಮರೆತಿದ್ದೆ: ನಮ್ಮ ಯಜಮಾನರಿಗೆ ಇಷ್ಟು ವರ್ಷದ ಮೇಲೆ ನನ್ನ ಮಾತು ನೆನಪಾಗಿ, ತೊಟ್ಟಿಯ ಬಿರುಕು ಮುಚ್ಚಲು ಇವತ್ತು ಸಿಮೆಂಟು ತಂದರು. ಅತ್ತೆ ಆ ಚೀಲದ ಮೇಲೇ ಕುಳಿತುಬಿಟ್ಟಿದ್ದಾರೆ. "ಲತಾ ಬಂದು ನೋಡಾಗಂಟ ಏಳಲ್ಲ" ಅನ್ನುತ್ತಿದ್ದಾರೆ. ಊಟವನ್ನೂ ಅಲ್ಲಿಗೇ ಕೊಟ್ಟು ಬಂದೆ.