ಗಟ್ಟಿಯಾಗಿ ಓದು

ಮನಿಸಾಲೆಸ್
ಆಗಸ್ಟ್ 14, ಬುಧವಾರ

ಪ್ರೀತಿಯ ಅಮ್ಮ,

ನೀನು ಕಳಿಸಿದ ಬೆಲ್ಲದಚ್ಚು ತಲುಪಿತು. ನನ್ನ ಕೆಲಸ ಉಳಿಯುತ್ತದೋ ಹೋಗುತ್ತದೋ ಸೋಮವಾರ ತಿಳಿಯುತ್ತದೆ. ಕಾರಣವನ್ನು ಊರವರ ಬಾಯಿಂದ ಕೇಳುವ ಬದಲು ನನ್ನಿಂದಲೇ ಕೇಳು.

ವಿಶ್ವವಿದ್ಯಾಲಯದ ಬರವಣಿಗೆ ಕೇಂದ್ರಕ್ಕೆ ವಿದ್ಯಾರ್ಥಿಗಳು ಕರಡು ತರುತ್ತಾರೆ, ನಾವು ಪಕ್ಕ ಕೂತು ತಿದ್ದಿಸುತ್ತೇವೆ. ಬರೆದವರೇ ಗಟ್ಟಿಯಾಗಿ ಓದಬೇಕೆಂಬುದು ನನ್ನ ಪದ್ಧತಿ. ತಪ್ಪು ಅವರ ಕಿವಿಗೇ ಬೀಳುತ್ತದೆ ಎನ್ನುತ್ತಿದ್ದೆ. ನಮ್ಮ ಮುಖ್ಯಸ್ಥೆ ಬೆರ್ತಿಲ್ದಾ ಮೆಚ್ಚಿಕೊಂಡು ಅದನ್ನೇ ನಿಯಮವೆಂದು ಗೋಡೆಗೆ ಅಂಟಿಸಿದರು. ನಾನು ಹೊಗಳಿಕೆ ಉಂಡು ಸುಮ್ಮನಿದ್ದೆ.

ಜುಲೈಯಲ್ಲಿ ಆಲ್ಬೆಯ್ರೊ ಬಂದ. ಕೃಷಿ ವಿದ್ಯಾರ್ಥಿ; ಪ್ರಬಂಧ ಒಪ್ಪಿಗೆಯಾಗದೆ ಪದವಿ ಸಿಗದು. ಮೇಜಿನ ಮೇಲೆ ಕಾಗದವೊಂದನ್ನು ಇಟ್ಟ. ಕರಡೆಂದುಕೊಂಡು, ಗಟ್ಟಿಯಾಗಿ ಓದಪ್ಪ ಎಂದೆ. ಅವನು ಮಾತಾಡದೆ ಕಾಗದವನ್ನು ಇನ್ನಷ್ಟು ಹತ್ತಿರ ತಳ್ಳಿದ. ನಾನು ಮತ್ತೆ ಅದನ್ನೇ ಹೇಳಿದೆ. ಅವನಿಗೆ ಉಗ್ಗು, ಅಮ್ಮ. ಮೊದಲ ಪದವನ್ನೇ ಮುಗಿಸಲಾಗದೆ ಹೆಣಗಿದ. ಪಕ್ಕದ ಮೇಜಿನವರು ನಕ್ಕರು. ಎದ್ದು ಹೋದವನು ಮತ್ತೆ ಬರಲಿಲ್ಲ.

ಕಳೆದ ವಾರ ಬೆರ್ತಿಲ್ದಾ ನನ್ನನ್ನು ಕರೆಸಿ, ಅವನು ಬಿಟ್ಟುಹೋಗಿದ್ದ ಆ ಕಾಗದವನ್ನು ನನ್ನ ಮುಂದೆ ಹಿಡಿದರು. "ಇದನ್ನ ನೋಡಿದ್ಮೇಲೂ ಓದಿಸಿದ್ರಾ? ನಿಮಗೇನು ಕರುಳಿಲ್ವಾ?" ಎಂದರು. ಗೋಡೆಯ ನಿಯಮ ತೋರಿಸಿ ಪಾರಾಗಬಹುದಿತ್ತು. ಆದರೆ ಆ ಕಾಗದದಲ್ಲಿ ಏನು ಬರೆದಿದೆ ಎಂದು ಕೇಳಿದೆ. "ನನಗೆ ಉಗ್ಗು, ದಯವಿಟ್ಟು ನೀವೇ ಓದಿ" ಎಂದಿತ್ತಂತೆ.

ಎರಡು ವರ್ಷದಿಂದ ನನಗೆ ಅಕ್ಷರ ಕಾಣುವುದಿಲ್ಲ. ಕ್ರಿಸ್‌ಮಸ್‌ನಲ್ಲಿ ಪಾಯಸದ ಪಾತ್ರೆ ಬೀಳಿಸಿದ್ದು ಅವಸರದಿಂದಲ್ಲ. ಪದ್ಧತಿ ಎಂದದ್ದೆಲ್ಲ ಇದನ್ನು ಮುಚ್ಚಿಡಲು. ಬೆರ್ತಿಲ್ದಾರಿಗೂ ಅಂದೇ ಇದನ್ನು ಹೇಳಿದೆ.

ಆಲ್ಬೆಯ್ರೊನನ್ನು ಹುಡುಕಿಕೊಂಡು ಹೋಗಿ ಎಲ್ಲ ಹೇಳಿದೆ. "ನಿಮ್ಮ ಕಣ್ಣು ಮುಚ್ಚಿಡೋಕೆ ನನ್ನ ಬಾಯಿ ಬಿಡಿಸಿದ್ರಾ, ಟೀಚರ್?" ಎಂದ. ತುಂಬಾ ನಾಚಿಕೆಯಾಯಿತು. ಈಗ ಅವನ ಕರಡನ್ನು ಕಂಪ್ಯೂಟರ್ ಓದುತ್ತದೆ, ನಾನು ಕೇಳುತ್ತೇನೆ, ಅವನು ತಿದ್ದುತ್ತಾನೆ. ಮೂರನೆಯ ಅಧ್ಯಾಯಕ್ಕೆ ಬಂದಿದ್ದೇವೆ.

ಅಳಬೇಡ. ಸೋಮವಾರ ಏನೇ ಆದರೂ ಫೋನ್ ಮಾಡುತ್ತೇನೆ.

ನಿನ್ನ ಮಗಳು
ಮರ್ಲೆನಿ

ಮರೆತದ್ದು: ಅಕ್ಷರ ನನ್ನದಲ್ಲವೆಂದು ಮೊದಲ ಸಾಲಿಗೇ ಹಿಡಿದಿರುತ್ತೀಯ. ನಾನು ಹೇಳಿದೆ, ಆಲ್ಬೆಯ್ರೊ ಬರೆದ. ಮೊದಲು ಕಣ್ಣು ಸ್ವಲ್ಪ ಮಂಜು ಎಂದಷ್ಟೇ ಬರೆಸಲು ಹೊರಟಿದ್ದೆ, ಅವನು ಪೆನ್ನು ಕೆಳಗಿಟ್ಟು, "ಅಮ್ಮನ ಹತ್ರಾನೂ ಹಿಂಗೇನಾ?" ಎಂದ. ಮುಗಿದ ಮೇಲೆ ಇಡೀ ಪತ್ರವನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದ. ಮುಕ್ಕಾಲು ಗಂಟೆ ಹಿಡಿಯಿತು. ಓದು ಎಂದು ನಾನು ಹೇಳಿರಲಿಲ್ಲ.